40 ರೂಪಾಯಿಯ ಹಿತ್ತಾಳೆ ಅಂಗುಸ್ತಾನ: ಒಂದು ವಾರ ಕೌದಿ ಹೊಲಿದ ಮೇಲೆ

ಹೋದ ಸೋಮವಾರ ಧಾರವಾಡದ ಸುಭಾಷ್ ರಸ್ತೆಯ ಹಿಂದಿನ ಓಣಿಯಲ್ಲಿ ಒಂದು ಅಂಗುಸ್ತಾನ ಕೊಂಡೆ. ಹಿತ್ತಾಳೆಯದು. ಬೆಲೆ 40 ರೂಪಾಯಿ. ಸೂಜಿ ತಳ್ಳುವಾಗ ಬೆರಳಿಗೆ ಚುಚ್ಚದಿರಲಿ ಎಂದು ಹಾಕಿಕೊಳ್ಳುವ ಸಣ್ಣ ಟೊಪ್ಪಿಗೆ ಅದು. ಪಾರ್ಸಿಯಲ್ಲಿ ಅಂಗುಶ್ತ್ ಎಂದರೆ ಬೆರಳು. ಹೆಸರು ಅಲ್ಲಿಂದ ಬಂದದ್ದು. ಸೋಮವಾರದಿಂದ ಭಾನುವಾರದವರೆಗೆ ದಿನವೂ ಅದನ್ನು ಹಾಕಿಕೊಂಡು ಹೊಲಿದಿದ್ದೇನೆ. ಮೂವತ್ತು ವರ್ಷಗಳಿಂದ ಬಿಡುವಾದಾಗಲೆಲ್ಲ ಕೌದಿ, ಅಂದರೆ ಹಳೆ ಬಟ್ಟೆಗಳ ಪದರ ಸೇರಿಸಿ ಮಾಡುವ ಹೊದಿಕೆ, ಹೊಲಿಯುತ್ತಿದ್ದೇನೆ, ಕೈಗೆ ಇಷ್ಟು ಒಗ್ಗಿದ ಸಾಮಾನು ಬೇರೆ ಸಿಕ್ಕಿರಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಈಗ ಹೊಲಿಯುತ್ತಿರುವ ಕೌದಿ ಸ್ವಲ್ಪ ಬೇರೆ ಥರ. ನಮ್ಮ ಅತ್ತೆ ಹೊಲಿದ ಹಳೆಯ ಕೌದಿಯೊಂದು ಟ್ರಂಕಿನಲ್ಲಿತ್ತು. ಅಂಚು ಹರಿದಿತ್ತು. ಮೇಲಿನ ಸೀರೆ ಸವೆದು ಒಳಗಿನ ಧೋತರ ಕಾಣುತ್ತಿತ್ತು. ನಮ್ಮ ಕಡೆ ಹಳೆ ಕೌದಿಯನ್ನು ಎಸೆಯುವುದಿಲ್ಲ. ಅದನ್ನೇ ಒಳಗಿಟ್ಟು ಮೇಲೊಂದು ಕೆಳಗೊಂದು ಸೀರೆ ಹಾಸಿ ಮತ್ತೆ ಹೊಲಿಯುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೇನೆ. ಮೇಲೆ ಅತ್ತೆಯವರದೇ ಇಳಕಲ್ ಸೀರೆ, ಕೆಳಗೆ ಒಂದು ಹತ್ತಿ ಸೀರೆ. ಹಳೆಯ ಕೌದಿಯ ಒಳಗೇ ಐದು ಪದರ ಇವೆ. ಎಲ್ಲ ಸೇರಿ ಏಳು. ಸೂಜಿ ಸುಮ್ನೆ ಹೋಗುವುದಿಲ್ಲ. ಪ್ರತಿ ಸಲವೂ ಹಿಂದಿನಿಂದ ಬಲವಾಗಿ ತಳ್ಳಬೇಕು.

ಎಷ್ಟು ಸಲ ತಳ್ಳಬೇಕು ಎಂದು ಲೆಕ್ಕ ಹಾಕಿದೆ. ಶಾಲೆಯಲ್ಲಿ ಗಣಿತ ಕಲಿಸಿದವಳು ನಾನು, ಲೆಕ್ಕ ಹಾಕದೆ ಕೆಲಸಕ್ಕೆ ಕೂರುವುದಿಲ್ಲ. ಕೌದಿಯ ಉದ್ದ 6 ಅಡಿ, ಅಗಲ ನಾಲ್ಕೂವರೆ ಅಡಿ. ಸಾಲಿನಿಂದ ಸಾಲಿಗೆ ಒಂದೂವರೆ ಸೆಂಟಿಮೀಟರ್, ಅಂದರೆ ನನ್ನ ಒಂದು ಬೆರಳು. ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಒಟ್ಟು ಹೊಲಿಗೆಯ ಉದ್ದ ಸುಮಾರು 167 ಮೀಟರ್ ಆಗುತ್ತದೆ. ಒಂದು ಸೆಂಟಿಮೀಟರಿಗೆ ಒಂದು ಹೊಲಿಗೆ ಎಂದರೂ 16,700 ಹೊಲಿಗೆ. ಇಷ್ಟು ದಪ್ಪದ ಬಟ್ಟೆಯಲ್ಲಿ ಒಂದು ಸಲಕ್ಕೆ ಎರಡು ಹೊಲಿಗೆಗಿಂತ ಜಾಸ್ತಿ ಎತ್ತಲಾಗುವುದಿಲ್ಲ. ಅಂದರೆ ಸೂಜಿಯ ಹಿಂಭಾಗ 8 ಸಾವಿರಕ್ಕೂ ಹೆಚ್ಚು ಸಲ ಬೆರಳಿಗೆ ಒತ್ತುತ್ತದೆ. ಒಂದೇ ಬೆರಳಿಗೆ, ಒಂದೇ ಜಾಗದಲ್ಲಿ.

ಅತ್ತೆ ಬರಿಗೈಯಲ್ಲೇ ಹೊಲಿಯುತ್ತಿದ್ದರು. ಅವರ ಬಲಗೈ ನಡುಬೆರಳಿನ ತುದಿ ಗಟ್ಟಿಯಾಗಿ ಹಲಗೆಯಂತಾಗಿತ್ತು. ಸೂಜಿ ಬಿಗಿಯಾದರೆ ತಲೆಗೂದಲಲ್ಲಿ ಒಮ್ಮೆ ಎಳೆದುಕೊಳ್ಳುತ್ತಿದ್ದರು. ಕೂದಲ ಎಣ್ಣೆ ತಾಗಿ ಸೂಜಿ ನುಣ್ಣಗೆ ಹೋಗುತ್ತಿತ್ತು. ಅದನ್ನು ಈಗಲೂ ನಾನು ಮಾಡುತ್ತೇನೆ. ಆದರೆ ಅವರ ಬೆರಳು ನನಗೆ ಬರಲಿಲ್ಲ. ನನ್ನ ಬೆರಳಲ್ಲಿ ತೂತು ಬೀಳುತ್ತದೆ. ಎರಡು ದಿನ ಹೊಲಿದರೆ ಮೂರು ದಿನ ಬಿಡಬೇಕಾಗುತ್ತಿತ್ತು. ಸಾರಿಗೆ ಹುಳಿ ಹಿಂಡಿದರೆ ಉರಿ. ಬಟ್ಟೆ ಒಗೆದರೆ ಉರಿ. ನೋವಿಗಿಂತ ನನಗೆ ಬೇಸರವಾಗುತ್ತಿದ್ದದ್ದು ಆ ಮೂರು ದಿನದ ಬಿಡುವು. ಬಿಟ್ಟ ಕೆಲಸಕ್ಕೆ ಮತ್ತೆ ಕೂರುವಾಗ ಸಾಲಿನ ಲಯ ತಪ್ಪಿರುತ್ತದೆ. ಹೊಲಿಗೆ ನೋಡಿದರೆ ಎಲ್ಲಿ ಬಿಟ್ಟಿದ್ದೆ ಎಂದು ಗೊತ್ತಾಗಿಬಿಡುತ್ತದೆ.

ಹಿಂದೆ ಎರಡು ಅಂಗುಸ್ತಾನ ತಂದಿದ್ದೆ. ಒಂದು ಪ್ಲಾಸ್ಟಿಕ್ಕಿನದು. ಒಂದು ಬದಿ ಸೀಳಿತು. ಇನ್ನೊಂದು ಮೆತ್ತನೆಯ ರಬ್ಬರಿನಂಥದ್ದು, ಆನ್‌ಲೈನ್‌ನಲ್ಲಿ ತರಿಸಿದ್ದು. ಚಿತ್ರದಲ್ಲಿ ಬಹಳ ಚೆನ್ನಾಗಿ ಕಂಡಿತ್ತು. ಹಾಕಿಕೊಂಡ ಹತ್ತು ನಿಮಿಷಕ್ಕೆ ಬೆರಳು ಬೆವೆತು ಒಳಗೇ ಜಾರತೊಡಗಿತು. ನಾಲ್ಕನೆಯ ದಿನ ಸೂಜಿಯ ಕಣ್ಣಿನ ತುದಿ ರಬ್ಬರನ್ನೇ ತೂರಿಕೊಂಡು ಬಂದು ಬೆರಳಿಗೆ ಚುಚ್ಚಿತು. ತೆಳು ಬಟ್ಟೆಗೆ, ರವಿಕೆಗೆ ಹುಕ್ಕು ಹಚ್ಚುವುದಕ್ಕೆ ಅದು ಸಾಕು. ಕೌದಿಗೆ ಅಲ್ಲ.

ಈಗ ಅಂಗಡಿಯ ಮಾತು. ಅದು ಟೇಲರ್ ಸಾಮಾನಿನ ಅಂಗಡಿ. ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕು, ಅಷ್ಟು ಇಕ್ಕಟ್ಟು. ಗೋಡೆ ತುಂಬ ದಾರದ ರೀಲು, ಮೇಲೆ ಲೇಸಿನ ಸುರುಳಿ, ಕೌಂಟರಿನ ಮೇಲೆ ಗುಂಡಿಯ ಡಬ್ಬಿಗಳು. ಕೂತಿರುವವರು ಎಪ್ಪತ್ತು ದಾಟಿದ ಹಿರಿಯರು. ಮೂಗಿನ ತುದಿಗೆ ಕನ್ನಡಕ. ಅಂಗುಸ್ತಾನ ಬೇಕು ಎಂದೆ. ಡ್ರಾಯರಿನಿಂದ ಒಂದನ್ನು ತೆಗೆದು ಕೊಡಹೋದವರು ಕೈ ತಡೆದು ಕೇಳಿದರು.

“ಏನ್ ಹೊಲ್ಯಾಕ ಬೇಕ್ರಿ ಅಕ್ಕಾರ?”

“ಕೌದಿ ರೀ ಕಾಕಾ.”

“ಹಂಗಾರ ಇದು ಬ್ಯಾಡ. ಇದು ಟೇಲರ್‌ಗೋಳು ಹಾಕೋದು. ನಿಮಗ ತಲಿ ಮುಚ್ಚಿದ್ದು ಬೇಕು.”

ಈ ವ್ಯತ್ಯಾಸ ನನಗೆ ಆವತ್ತೇ ತಿಳಿದದ್ದು. ಟೇಲರ್‌ಗಳು ಹಾಕುವ ಅಂಗುಸ್ತಾನ ಉಂಗುರದಂತೆ ಇರುತ್ತದೆ, ಮೇಲೆ ತೆರೆದಿರುತ್ತದೆ. ಅವರು ಸೂಜಿಯನ್ನು ಬೆರಳಿನ ಪಕ್ಕದಿಂದ ತಳ್ಳುತ್ತಾರೆ. ನಾವು ಕೌದಿಗೆ ಬೆರಳಿನ ತುದಿಯಿಂದ ತಳ್ಳುತ್ತೇವೆ. ಅದಕ್ಕೆ ತಲೆ ಮುಚ್ಚಿದ್ದೇ ಆಗಬೇಕು. ತಲೆಯ ಮೇಲೂ ಸುತ್ತಲೂ ಸಣ್ಣ ಸಣ್ಣ ಕುಳಿಗಳಿರಬೇಕು, ಸೂಜಿಯ ಹಿಂಭಾಗ ಅದರಲ್ಲಿ ಕೂರಬೇಕು. ಕುಳಿ ಆಳವಿಲ್ಲದಿದ್ದರೆ ಸೂಜಿ ಜಾರುತ್ತದೆ. ಜಾರಿದ ಸೂಜಿ ಉಗುರಿನ ಬುಡಕ್ಕೇ ಹೋಗುತ್ತದೆ.

ಕಾಕಾ ಒಂದು ತಗಡಿನ ಡಬ್ಬಿ ತೆರೆದು ಏಳೆಂಟು ಅಂಗುಸ್ತಾನ ಸುರುವಿದರು. ಒಂದೊಂದಾಗಿ ನಡುಬೆರಳಿಗೆ ಹಾಕಿಸಿದರು. ಮೊದಲನೆಯದು ದೊಡ್ಡದು. ಎರಡನೆಯದರಲ್ಲಿ ಬೆರಳು ಕೆಂಪಾಯಿತು. ನಾಲ್ಕನೆಯದು ಕೂತಿತು.

“ಕೈ ಕೆಳಗ ಮಾಡಿ ಝಾಡಿಸ್ರಿ. ಬಿತ್ತೇನು?”

“ಇಲ್ರಿ.”

“ಬೆರಳ ಜುಮ್ ಅಂತೈತೇನು?”

“ಇಲ್ರಿ.”

“ಹಂಗಾರ ಅದು ನಿಮ್ದ.”

ಇಷ್ಟು ತಾಳ್ಮೆಯಿಂದ 40 ರೂಪಾಯಿಯ ಸಾಮಾನು ಮಾರುವವರನ್ನು ಕಂಡು ನನಗೆ ತುಂಬ ಸಂತೋಷವಾಯಿತು. ಸೂಜಿಯನ್ನೂ ಅವರೇ ಆರಿಸಿಕೊಟ್ಟರು. ಕೈ ಸೂಜಿಯಲ್ಲಿ ನಂಬರು ಹೆಚ್ಚಾದಷ್ಟು ಸೂಜಿ ಸಣ್ಣದಾಗುತ್ತದೆ. ಮಷೀನಿನ ಸೂಜಿಯಲ್ಲಿ ಇದು ತಿರುವು ಮುರುವು, ನಂಬರು ಹೆಚ್ಚಾದರೆ ಸೂಜಿ ದಪ್ಪ. ದಬ್ಬಣವೇ ಬೇಕಾಗುತ್ತದೇನೋ ಎಂದು ಕೇಳಿದೆ. ಬೇಡ ಎಂದರು. ದಬ್ಬಣದಿಂದ ಹಳೆಯ ಸೀರೆಯಲ್ಲಿ ತೂತು ಉಳಿದುಬಿಡುತ್ತದೆ, ಅಲ್ಲಿಂದಲೇ ಹರಿಯುತ್ತದೆ. ಉದ್ದನೆಯ, ಕಣ್ಣು ದೊಡ್ಡದಿರುವ 3 ನಂಬರಿನ ಸೂಜಿ ಕೊಟ್ಟರು. ಅವರು ಹೇಳಿದ್ದು ಸರಿಯಿತ್ತು.

ಮೊದಲ ದಿನ ಸುಲಭವಾಗಲಿಲ್ಲ. ಬೆರಳಿಗೆ ಭಾರ ಎನಿಸಿತು. ದಾರ ಪೋಣಿಸುವಾಗ ಅಡ್ಡ ಬರುತ್ತಿತ್ತು. ನನಗೆ ತೋರು ಬೆರಳಿನಿಂದ ತಳ್ಳುವ ಚಾಳಿ ಇತ್ತು, ಈಗ ನಡುಬೆರಳಿಗೆ ಬದಲಿಸಬೇಕಾಯಿತು. ಸೋಮವಾರ ಹೊಲಿದದ್ದು ಅರ್ಧ ಸುತ್ತು, ಅದರಲ್ಲೂ ಹೊಲಿಗೆ ಸಣ್ಣದು ದೊಡ್ಡದು. ಮಂಗಳವಾರ ಸಂಜೆಯ ಹೊತ್ತಿಗೆ ಕೈ ಕಲಿಯಿತು. ಹೆಬ್ಬೆರಳು ಮತ್ತು ತೋರು ಬೆರಳಲ್ಲಿ ಸೂಜಿ ಹಿಡಿದು ನಡುಬೆರಳಿನಿಂದ ಮೆಲ್ಲಗೆ ತಳ್ಳಿದರೆ ಸಾಕು. ಏಳು ಪದರದಲ್ಲೂ ಸೂಜಿ ನೇರವಾಗಿ ಇಳಿಯುತ್ತದೆ. ಬುಧವಾರ ಬೆಳಿಗ್ಗೆ ಚಹಾ ಕುಡಿಯುವಾಗ ಕಪ್ಪಿಗೆ ಏನೋ ಟಣ್ ಎಂದು ತಾಗಿತು. ನೋಡಿದರೆ ಅಂಗುಸ್ತಾನ. ಹಾಕಿಕೊಂಡದ್ದೇ ಮರೆತುಹೋಗಿತ್ತು. ಅಳತೆ ಸರಿಯಾಗಿ ಕೂತಿದೆ ಎನ್ನುವುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಈ ವಾರ ಹೊಲಿಗೆಯಷ್ಟೇ ಹಿತ ಕೊಟ್ಟದ್ದು ಬೆಳಗಿನ ನಡಿಗೆ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತದೆ ಅಂತಾರಲ್ವಾ, ಈ ಸಲ ಹಾಗೆಯೇ ಹೋಯಿತು. ಹೋಳಿ ಹುಣ್ಣಿಮೆಗೆ ಇನ್ನೂ ಒಂದು ವಾರ ಇದೆ. ಬೆಳಿಗ್ಗೆ ಆರೂಕಾಲಿಗೆ ಹೊರಟರೆ ತೆಳ್ಳನೆಯ ಶಾಲು ಸಾಕು, ತಿರುಗಿ ಬರುವಾಗ ಅದೂ ಬೇಡ. ನಮ್ಮ ಮನೆಯಿಂದ ಕೆಲಗೇರಿ ಕೆರೆಗೆ ಇಪ್ಪತ್ತು ನಿಮಿಷದ ದಾರಿ. ದಾರಿಯ ಹೊಂಗೆ ಮರಗಳೆಲ್ಲ ಹೊಸ ಎಲೆ ಬಿಟ್ಟಿವೆ. ಎಳೆ ಹೊಂಗೆ ಎಲೆಯ ಹೊಳಪು ಎಣ್ಣೆ ಸವರಿದ ಹಾಗೆ. ಕೋಗಿಲೆ ಈಗಲೇ ಶುರು ಮಾಡಿದೆ. ಕೆರೆಯ ನಡುವಿನ ಕೊರಡಿನ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತ ನಿಂತಿರುತ್ತದೆ. ನಾನು ಅದರ ಮುಂದೆ ಐದು ನಿಮಿಷ ನಿಂತು ಕೈ ಬೆರಳುಗಳನ್ನು ಬಿಚ್ಚಿ ಮುಚ್ಚಿ ಮಾಡುತ್ತೇನೆ. ದಿನಕ್ಕೆ ಮೂರು ತಾಸು ಹೊಲಿಯುವವರು ಇದನ್ನು ಮಾಡಲೇಬೇಕು. ಇಲ್ಲದಿದ್ದರೆ ಗಂಟುಗಳು ಬಿಗಿಯುತ್ತವೆ.

ಬುಧವಾರ ಕೆರೆಯ ಆಚೆಯ ದಿಬ್ಬಕ್ಕೆ ಹೋದೆ. ಅಲ್ಲಿ ಎರಡು ಮುತ್ತುಗದ ಮರಗಳಿವೆ. ಒಂದೂ ಎಲೆಯಿಲ್ಲ, ಮೈತುಂಬ ಹೂವು. ಕೆಂಪೂ ಅಲ್ಲದ ಹಳದಿಯೂ ಅಲ್ಲದ ಆ ಬಣ್ಣ ನೋಡಿ ನಿಂತುಬಿಟ್ಟೆ. ಹಿಂದೆಲ್ಲ ಹೋಳಿಗೆ ಈ ಹೂವನ್ನೇ ನೀರಲ್ಲಿ ನೆನೆಸಿ ಬಣ್ಣ ಮಾಡುತ್ತಿದ್ದರು. ನೆಲದ ಮೇಲೆ ಬಿದ್ದ ನಾಲ್ಕು ಹೂವು ಆಯ್ದು ಸೆರಗಲ್ಲಿ ಕಟ್ಟಿಕೊಂಡು ಬಂದೆ. ಮನೆಗೆ ಬಂದು ಕೌದಿಯ ಮೇಲಿಟ್ಟೆ. ಅತ್ತೆಯ ಇಳಕಲ್ ಸೀರೆ ಗಾಢ ಹಸಿರು. ಅದರ ಮೇಲೆ ನಾನು ಹೊಲಿಯುತ್ತಿದ್ದದ್ದು ಬಿಳಿ ದಾರ. ಆ ಹೂವು ಇಟ್ಟ ಮೇಲೆ ಬಿಳಿ ದಾರ ಸಪ್ಪೆಯಾಗಿ ಕಂಡಿತು. ಮಧ್ಯಾಹ್ನ ಮತ್ತೆ ಅದೇ ಅಂಗಡಿಗೆ ಹೋದೆ. ಹೂವನ್ನೇ ಕೌಂಟರಿನ ಮೇಲಿಟ್ಟೆ. ಕಾಕಾ ಒಂದು ಮಾತೂ ಆಡದೆ ಎದ್ದು, ಮೂರು ಕೇಸರಿ ರೀಲು ಇಳಿಸಿ, ಬಾಗಿಲ ಬೆಳಕಿಗೆ ತಂದು ಹೂವಿನ ಪಕ್ಕ ಹಿಡಿದರು. ನಡುವಿನದು ಹೊಂದಿತು. ಹತ್ತಿ ದಾರವೇ ಕೊಡಿ ಎಂದು ನಾನು ಹೇಳುವ ಮೊದಲೇ ಅದು ಹತ್ತಿಯದೇ ಆಗಿತ್ತು. ಹಳೆಯ ಹತ್ತಿ ಬಟ್ಟೆಗೆ ಹತ್ತಿ ದಾರವೇ ಸರಿ ಎಂದು ನನ್ನ ನಂಬಿಕೆ. ಗಟ್ಟಿ ದಾರ ಹಾಕಿದರೆ ಎಳೆದಾಗ ಮೊದಲು ಹರಿಯುವುದು ಬಟ್ಟೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಅತ್ತೆಯ ಸೀರೆಯನ್ನು ಮತ್ತೆ ತರಲಾಗುವುದಿಲ್ಲ.

ಮೊದಲ ಎರಡು ಸುತ್ತು ಬಿಳಿ. ಮೂರನೆಯದರಿಂದ ಮುತ್ತುಗ.

ಗುರುವಾರದಿಂದ ನಮ್ಮ ಓರಗಿತ್ತಿ ಬಂದಳು. ಅವಳ ಮನೆ ಹಿಂದಿನ ಓಣಿಯಲ್ಲೇ. ಊಟ ಮುಗಿಸಿ ಎರಡು ಗಂಟೆಗೆ ಬಂದು, ಐದಕ್ಕೆ ಎದ್ದು ಹೋಗುತ್ತಾಳೆ. ಪಡಸಾಲೆಯಲ್ಲಿ ಕೌದಿ ಹಾಸಿ ಎದುರು ಬದುರು ಕೂರುತ್ತೇವೆ. ಅವಳೂ ಅತ್ತೆಯ ಹತ್ತಿರವೇ ಕಲಿತವಳು. ಬರಿಗೈಯಲ್ಲಿ ಹೊಲಿಯುತ್ತಾಳೆ. ನನ್ನ ಅಂಗುಸ್ತಾನ ನೋಡಿ ತಲೆಯಾಡಿಸಿದಳು.

“ಅದನ್ನ ಹಾಕ್ಕೊಂಡ್ರ ಅರಿವಿ ಕೈಗೆ ಗೊತ್ತಾಗೂದಿಲ್ರಿ ಅಕ್ಕಾ.”

ಅವಳ ಮಾತಲ್ಲಿ ಅರ್ಥವಿದೆ. ಬಟ್ಟೆ ಕೈಗೆ ಗೊತ್ತಾಗಬೇಕು. ಆದರೆ ಯಾವ ಕೈಗೆ? ನಾನು ಮೂರು ದಿನದಲ್ಲಿ ಕಂಡುಕೊಂಡದ್ದು ಇದು: ಮೇಲಿನ ಕೈ ಬರೀ ತಳ್ಳುತ್ತದೆ. ಬಟ್ಟೆ ಗೊತ್ತಾಗಬೇಕಾದದ್ದು ಕೌದಿಯ ಕೆಳಗಿರುವ ಎಡಗೈಗೆ. ಸೂಜಿಯ ಮೊನೆ ಏಳೂ ಪದರ ದಾಟಿ ಬಂತೇ ಎಂದು ಹೇಳುವುದು ಆ ಕೈಯ ಬೆರಳು. ಅದಕ್ಕೆ ಅಂಗುಸ್ತಾನ ಹಾಕಬಾರದು, ಬರಿದಾಗಿಯೇ ಇರಬೇಕು. ಮೊನೆ ಮುಟ್ಟಿದ ಕ್ಷಣ ಸೂಜಿಯನ್ನು ಮೇಲಕ್ಕೆ ತಿರುಗಿಸಿದರೆ ಚುಚ್ಚುವುದಿಲ್ಲ. ಅವಳಿಗೆ ಹೀಗೆ ತೋರಿಸಿದೆ. ಒಪ್ಪಲಿಲ್ಲ, ಆದರೆ ಸುಮ್ಮನೆ ನೋಡಿದಳು.

ಹೊಲಿಯುವಾಗ ಎಷ್ಟು ಮಾತು ಬರುತ್ತದೆ! ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಯ ಮಾತು ಬಂತು. ನಮ್ಮ ಧಾರವಾಡದಿಂದ ದೂರವೇನಲ್ಲ ಅದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸುತ್ತ ಅವರ ಹಳ್ಳಿಗಳಿವೆ. ಅವರು ತುಂಡು ತುಂಡು ಬಣ್ಣದ ಬಟ್ಟೆಗಳನ್ನು ಅಂಚಿನಿಂದ ಹಚ್ಚುತ್ತ, ಹಚ್ಚಿದಂತೆಯೇ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯ ಮಡಿಕೆಯಿಂದ ಹೂವು ಮಾಡಿ ಹಚ್ಚುತ್ತಾರೆ. ಅದಕ್ಕೆ ಫುಲ ಅನ್ನುತ್ತಾರೆ. ಅದಿಲ್ಲದಿದ್ದರೆ ಕೌದಿ ಪೂರ್ತಿಯಾದಂತೆ ಅವರಿಗೆ ಅನಿಸುವುದಿಲ್ಲ. ನಮ್ಮ ಅತ್ತೆಯೂ ಮೂಲೆಯನ್ನು ಬರಿದು ಬಿಡುತ್ತಿರಲಿಲ್ಲ. ಈ ಸಲ ನಾನು ಇಳಕಲ್ ಸೀರೆಯ ಕೆಂಪು ಸೆರಗನ್ನು ಬೇರೆ ತೆಗೆದಿಟ್ಟಿದ್ದೇನೆ. ಸೆರಗು ರೇಷ್ಮೆಯದು, ಕೌದಿಯ ಮೈಗೆ ಹಚ್ಚಿದರೆ ಬೇಗ ಸವೆಯುತ್ತದೆ. ನಾಲ್ಕು ಮೂಲೆಗೆ ಮೂರು ಮೂಲೆಯ ತುಂಡಾಗಿ ಮಡಿಸಿ ಹಚ್ಚುತ್ತೇನೆ. ಮಡಿಕೆಯ ಮೇಲೆ ಮಡಿಕೆ ಬರುವ ಜಾಗ ಅದು. ಅಲ್ಲಿ ಅಂಗುಸ್ತಾನವಿಲ್ಲದೆ ಸೂಜಿ ಇಳಿಸುವ ಯೋಚನೆಯೇ ನನಗೆ ಈಗ ಬರುವುದಿಲ್ಲ.

ಸಂಜೆ ಓಣಿಯ ಹುಡುಗರು ಹೋಳಿಯ ಹಲಗೆ ವಾದ್ಯ ಬಾರಿಸಲು ಶುರು ಮಾಡುತ್ತಾರೆ. ಮೊದಲು ಕಾಗದ ಸುಟ್ಟು ಬಿಸಿಗೆ ಹಿಡಿಯುತ್ತಾರೆ, ಆಮೇಲೆ ಶಬ್ದ ಏರುತ್ತದೆ. ಆ ತಾಳಕ್ಕೆ ನಮ್ಮಿಬ್ಬರ ಕೈಯೂ ಓಡುತ್ತದೆ. ಶುಕ್ರವಾರ ಓರಗಿತ್ತಿ ಗಿರಮಿಟ್ಟು ಮಾಡಿ ತಂದಿದ್ದಳು, ಜೊತೆಗೆ ಮೆಣಸಿನಕಾಯಿ ಭಜಿ. ಕೌದಿಯ ಮೇಲೆ ಎಣ್ಣೆ ಬೀಳದಂತೆ ಕಟ್ಟೆಯ ಮೇಲೆ ಕೂತು ತಿಂದೆವು. ಹಸಿ ಉಳ್ಳಾಗಡ್ಡಿ ಹೆಚ್ಚು ಹಾಕಿದ್ದಳು. ಬಹಳ ರುಚಿಯಾಗಿತ್ತು.

ಅಂಗುಸ್ತಾನದ ಕೊರತೆಗಳನ್ನೂ ಹೇಳಬೇಕು. ಬೆರಳಿಗೆ ಹಸಿರು ಹತ್ತುತ್ತದೆ. ಧಾರವಾಡದಲ್ಲಿ ಈಗ ಮಧ್ಯಾಹ್ನದ ಬಿಸಿಲು ಏರಿದೆ, ಬೆರಳು ಬೆವರುತ್ತದೆ, ಬೆವರಿಗೆ ಹಿತ್ತಾಳೆ ಹಸಿರು ಬಿಡುತ್ತದೆ. ಮೂರನೆಯ ದಿನ ನೋಡಿ ಗಾಬರಿಯಾಯಿತು. ದೇವರ ಹಿತ್ತಾಳೆ ಸಾಮಾನು ತಿಕ್ಕುವ ಹಾಗೆ ಹುಣಸೆಹಣ್ಣಿನಲ್ಲಿ ತಿಕ್ಕಿ, ತೊಳೆದು, ಒಳಗೆಲ್ಲ ಬಟ್ಟೆಯಿಂದ ಒರೆಸಿದೆ. ಈಗ ದಿನವೂ ಹೊಲಿಗೆ ಮುಗಿದ ಮೇಲೆ ಒಳಗೆ ಒರೆಸಿ ಇಡುತ್ತೇನೆ, ಆಮೇಲೆ ಅಷ್ಟು ಹತ್ತಿಲ್ಲ. ಎರಡನೆಯದು, ಕೆಳಗಿನ ಅಂಚು. ಒಂದು ಕಡೆ ಸ್ವಲ್ಪ ಚೂಪು ಉಳಿದಿತ್ತು. ದಾರ ಅದಕ್ಕೆ ಸಿಕ್ಕಿ ಎರಡು ಸಲ ಎಳೆ ಬಿಟ್ಟಿತು. ಚಾಕು ಮಸೆಯುವ ಕಲ್ಲಿನ ಮೇಲೆ ಅಂಚನ್ನು ನಾಲ್ಕು ಸಲ ತಿರುವಿದೆ, ಸರಿಹೋಯಿತು. ಅಂಗಡಿಯಲ್ಲೇ ಅಂಚಿನ ಸುತ್ತ ಬೆರಳಾಡಿಸಿ ನೋಡಿಕೊಂಡಿದ್ದರೆ ಇದು ತಪ್ಪುತ್ತಿತ್ತು. ನೀವು ಕೊಳ್ಳುವಾಗ ನೋಡಿಕೊಳ್ಳಿ. ಉಗುರು ಉದ್ದ ಬಿಡುವವರಿಗೆ ಇದು ಆಗುವುದಿಲ್ಲ, ತಲೆ ಮುಚ್ಚಿರುವುದರಿಂದ ಉಗುರು ಒಳಗೆ ಮಡಚುತ್ತದೆ.

ಹಾಗೆಯೇ ಅಳತೆ ಹಾಕಿ ನೋಡದೆ ತರಿಸಬೇಡಿ. ಬೆಳಿಗ್ಗೆಗಿಂತ ಸಂಜೆ ಬೆರಳು ಸ್ವಲ್ಪ ದಪ್ಪಗಿರುತ್ತದೆ, ನೀವು ಯಾವ ಹೊತ್ತಿಗೆ ಹೊಲಿಯುತ್ತೀರೋ ಆ ಹೊತ್ತಿಗೇ ಹೋಗಿ ಹಾಕಿ ನೋಡಿ. ನಾನು ಹೋದದ್ದು ಮಧ್ಯಾಹ್ನ ಮೂರಕ್ಕೆ. ಒಂದೋ ಎರಡೋ ಬಟ್ಟೆಗೆ ಅಂಚು ಮಡಿಸುವವರು ನೀವಾದರೆ ಇದು ಬೇಕಾಗಿಲ್ಲ. ಕೌದಿ, ಗಾದಿ, ದಪ್ಪ ಚೀಲ ಹೊಲಿಯುವವರು ಮಾತ್ರ ಇದಿಲ್ಲದೆ ಕೂರಬೇಡಿ. ಜೊತೆಗೆ ಒಂದು ತುಂಡು ಜೇನುಮೇಣ ಇಟ್ಟುಕೊಳ್ಳಿ. ದಾರವನ್ನು ಅದರ ಮೇಲೆ ಒಮ್ಮೆ ಎಳೆದರೆ ಗಂಟು ಬೀಳುವುದು ಕಡಿಮೆ. ದಾರವನ್ನು ತೋಳುದ್ದಕ್ಕಿಂತ ಜಾಸ್ತಿ ತೆಗೆದುಕೊಳ್ಳಬೇಡಿ.

ಭಾನುವಾರದ ಸಂಜೆಗೆ 14 ಸುತ್ತು ಮುಗಿದಿವೆ. ಒಟ್ಟು 45 ಸುತ್ತು ಬರುತ್ತವೆ. ಮೂರರಲ್ಲಿ ಒಂದು ಪಾಲೂ ಆಗಿಲ್ಲ ಎನಿಸುತ್ತದೆ, ಆದರೆ ಹೊರಗಿನ ಸುತ್ತುಗಳೇ ಉದ್ದ. ಮೀಟರಿನ ಲೆಕ್ಕದಲ್ಲಿ ಸುಮಾರು 79 ಆಗಿದೆ, ಹತ್ತಿರ ಹತ್ತಿರ ಅರ್ಧ. ಏಳು ದಿನದಲ್ಲಿ ಒಂದು ದಿನವೂ ಬೆರಳಿಗಾಗಿ ಬಿಡುವು ಕೊಟ್ಟಿಲ್ಲ. ಬೆರಳ ತುದಿ ನೋಡಿದೆ, ಒಂದೂ ತೂತಿಲ್ಲ.

ಐದು ಗಂಟೆಗೆ ಓರಗಿತ್ತಿ ಎದ್ದಳು. ದಾರದ ಡಬ್ಬಿ ಮುಚ್ಚುವಾಗ ಅಂಗುಸ್ತಾನ ಎತ್ತಿ ತನ್ನ ನಡುಬೆರಳಿಗೆ ಹಾಕಿ ನೋಡಿದಳು. ಅವಳ ಬೆರಳು ನನ್ನದಕ್ಕಿಂತ ಸಣ್ಣದು, ಸಡಿಲವಾಯಿತು. ಕೈ ಕೆಳಗೆ ಮಾಡಿ ಝಾಡಿಸಿದಳು. ಅದು ಕೌದಿಯ ಮೇಲೆ ಬಿತ್ತು.

“ಅವರ ಕಡೆ ಇದಕ್ಕಿಂತ ಸಣ್ಣದು ಇರ್ತಾವೇನ್ರಿ ಅಕ್ಕಾ?” ಎಂದಳು.

ನಾಳೆ ಮೂರಕ್ಕೆ ಇಬ್ಬರೂ ಸುಭಾಷ್ ರಸ್ತೆಗೆ ಹೊರಟಿದ್ದೇವೆ.